ಕರಿಪಾದೆ ಏರಿಗೊಂದು ಬದಲಿ ಗಾಡಿ

ಸರ್ವೀಸ್ ಜೀಪು ಓಡಿಸುವವನು ನಗುವುದಕ್ಕಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ದಿನಕ್ಕೊಂದು ನಡೆದೇ ನಡೆಯುತ್ತದೆ, ನಾವು ಕನ್ನಡಿ ಸರಿ ಮಾಡಿಕೊಂಡು ಕೂತರೆ ಸಾಕು. ಬೆಳ್ತಂಗಡಿ ಪೇಟೆಯಿಂದ ನಮ್ಮೂರಿನ ಮೇಲಿನ ಹನ್ನೊಂದು ಮನೆಗಳವರೆಗೆ ಇಪ್ಪತ್ತೆರಡು ವರ್ಷ ಒಂದೇ ಜೀಪು ಓಡಿಸಿದವನು ನಾನು. ಅದರಲ್ಲಿ ಅಕ್ಕಿ ಹೋಗಿದೆ, ರಬ್ಬರ್ ಶೀಟು ಹೋಗಿದೆ, ಅಂಗನವಾಡಿಯ ಮೊಟ್ಟೆ ಹೋಗಿದೆ, ಮದುಮಗಳು ಹೋಗಿದ್ದಾಳೆ, ಒಮ್ಮೆ ಒಂದು ಕರುವೂ ಹೋಗಿದೆ. ಮೊಟ್ಟೆ ಒಡೆದದ್ದಿಲ್ಲ. ಮದುಮಗಳು ಅತ್ತದ್ದುಂಟು, ಆದರೆ ಅದು ರಸ್ತೆಯಿಂದಾಗಿ ಅಲ್ಲ ಎಂದು ಅವಳ ತಾಯಿಯೇ ಹೇಳಿದ್ದಾರೆ.

ಆ ದಾರಿಯ ಕೊನೆಯ ತುಂಡಿಗೆ ಕರಿಪಾದೆ ಏರು ಎಂದು ಹೆಸರು. ಪಾದೆ ಎಂದರೆ ಬಂಡೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಎತ್ತರದ ಮಣ್ಣಿನ ದರೆ, ನಡುವೆ ಮೂರು ತಿರುವು. ಬೇರೆ ಯಾರ ಗಾಡಿಯೂ ಅಲ್ಲಿ ಹತ್ತುತ್ತಿರಲಿಲ್ಲ, ನನ್ನ ಜೀಪು ಹತ್ತುತ್ತಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಅಹಂಕಾರವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಬ್ರೇಕ್ ಇನ್‌ಸ್ಪೆಕ್ಟರರು ಜೀಪಿಗೆ ಒಂದು ಸುತ್ತು ಬಂದು, ಅಡಿಗೆ ಬಗ್ಗಿ ನೋಡಿ, ಮೇಲೆದ್ದು ಕೈ ಒರೆಸಿಕೊಂಡರು. "ಇದಕ್ಕೆ ಇದೇ ಕೊನೆಯ ಫಿಟ್‌ನೆಸ್ಸು. ಮಾರ್ಚಿನ ನಂತರ ತರಬೇಡಿ. ನಿಮಗೆ ಬೇಸರ ಆಗ್ತದೆ, ಗೊತ್ತುಂಟು. ಅದಕ್ಕೆ ಆಗ್ಲಿಕ್ಕಿಲ್ಲ" ಎಂದರು.

ಜೀಪು ನಿಂತರೆ ನನಗೆ ಹೊಟ್ಟೆಪಾಡಿನ ಚಿಂತೆ. ಅದಕ್ಕಿಂತ ದೊಡ್ಡ ಚಿಂತೆ ಮಾಸ್ಟ್ರದು. ಅವರು ನನಗೆ ಏಳನೇ ಕ್ಲಾಸಿನಲ್ಲಿ ಗಣಿತ ಕಲಿಸಿದವರು, ಕಲಿಯದಿದ್ದುದಕ್ಕೆ ಎರಡನೇ ವರ್ಷವೂ ಅಲ್ಲೇ ಕೂರಿಸಿದವರು. ಈಗ ಎರಡೂ ಕಿಡ್ನಿ ಸೋತು, ಮಂಗಳವಾರ ಮತ್ತು ಶುಕ್ರವಾರ ಬೆಳ್ತಂಗಡಿಗೆ ಡಯಾಲಿಸಿಸ್‌ಗೆ ಹೋಗಬೇಕು. "ನಿನ್ನ ಜೀಪಿಗೆ ಆರು ತಿಂಗಳಿಗೊಂದು ಸರ್ವೀಸು, ನನಗೆ ವಾರಕ್ಕೆ ಎರಡು" ಎನ್ನುತ್ತಾರೆ. ಅವರ ಮನೆ ಏರಿನ ತುದಿಯಲ್ಲಿದೆ. ನಾನು ತಪ್ಪು ಗಾಡಿ ತೆಗೆದುಕೊಂಡರೆ ಅವರ ಮಂಗಳವಾರವೂ ಇಲ್ಲ, ಶುಕ್ರವಾರವೂ ಇಲ್ಲ.

"ಮಾಸ್ಟ್ರೇ, ಬದಲಿ ಗಾಡಿ ನೋಡ್ಬೇಕು" ಎಂದೆ.

"ನೋಡುವ. ಆದರೆ ನೀನು ಆರಿಸ್ಬೇಡ. ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕು ಅಂದರೆ ನಾಲ್ಕಕ್ಕೂ ಹಾಕಿದವನು ನೀನು. ಈ ಸಲ ಮಾರ್ಕು ನಾನೇ ಹಾಕ್ತೇನೆ."

ಅಜ್ಜಿಗೇ ಮೂರು

ಬಿ.ಸಿ. ರೋಡಿನ ಒಂದು ಶೋರೂಮಿಗೆ ಹೋದೆವು. ನಾನು, ಮಾಸ್ಟ್ರು ಮತ್ತು ಮೇಲಿನ ಮನೆಯ ಅಜ್ಜಿ. ಅಜ್ಜಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಜೀಪು ಎಲ್ಲಿಗಾದರೂ ಹೊರಟರೆ ಅವರು ಬುಟ್ಟಿ ಹಿಡಿದುಕೊಂಡು ಹತ್ತಿ ಕೂರುತ್ತಾರೆ, ಎಲ್ಲಿಗೆ ಎಂದು ದಾರಿಯಲ್ಲಿ ಕೇಳುತ್ತಾರೆ.

ಟೈ ಕಟ್ಟಿದ ಸೇಲ್ಸ್‌ಮನ್ ನಮ್ಮ ಜೀಪಿನ ಹೆಸರು ಕೇಳಿದವನೇ ಸತ್ತವರ ಮನೆಯಲ್ಲಿ ಮಾತಾಡುವ ಸ್ವರದಲ್ಲಿ ಹೇಳಿದ. "ಆ ಮಾಡೆಲ್ ನಿಂತುಹೋಗಿದೆ ಸರ್. ಕಂಪೆನಿ ಮಾಡುವುದನ್ನೇ ಬಿಟ್ಟಿದೆ."

"ಎಂತಕ್ಕೆ?"

"ಯಾರೂ ತಗೊಳ್ಳುವುದಿಲ್ಲ ಸರ್."

"ನಾನು ತಗೊಳ್ತೇನಲ್ಲ!"

"ನೀವು ಇಪ್ಪತ್ತೆರಡು ವರ್ಷಕ್ಕೊಂದು ತಗೊಳ್ತೀರಿ ಸರ್. ಅದರಿಂದಲೇ ನಿಂತದ್ದಿರಬೇಕು."

ಅವನು ಅಲ್ಲಿಯೇ ಫಳಫಳ ಹೊಳೆಯುತ್ತಿದ್ದ ಹೊಸ ಗಾಡಿಯ ಗುಣಗಾನ ಶುರುಮಾಡಿದ. ಅದರ ಮಾಡಿನಲ್ಲಿ, ಎಂದರೆ ಚಾವಣಿಯಲ್ಲಿ, ಒಂದು ಗಾಜಿನ ಕಿಟಕಿ ಇತ್ತು, ಗುಂಡಿ ಒತ್ತಿದರೆ ಮೆಲ್ಲನೆ ಸರಿಯುತ್ತಿತ್ತು.

"ಇದು ಎಂತಕ್ಕೆ?" ಮಾಸ್ಟ್ರು ಕೇಳಿದರು.

"ಆಕಾಶ ನೋಡ್ಲಿಕ್ಕೆ ಸರ್."

"ನಮ್ಮ ಜೀಪಿನ ಟಾರ್ಪಾಲಿನಲ್ಲಿ ಅದು ತನ್ನಷ್ಟಕ್ಕೇ ಆಗಿದೆ" ಎಂದು ಮಾಸ್ಟ್ರು ಚೀಟಿಯಲ್ಲಿ ಏನೋ ಬರೆದುಕೊಂಡರು.

ಎಷ್ಟು ಜನ ಕೂರಬೇಕು ಎಂದು ಸೇಲ್ಸ್‌ಮನ್ ಕೇಳಿದ. ಹದಿನಾಲ್ಕು ಎಂದೆ. ಕಾನೂನಿನ ಪ್ರಕಾರ ಎಷ್ಟು ಎಂದು ನೀವು ಕೇಳಬೇಡಿ, ಅವನೂ ಕೇಳಲಿಲ್ಲ. "ಇದು ಏಳು ಸೀಟಿನ ಗಾಡಿ ಸರ್" ಎಂದಷ್ಟೇ ಹೇಳಿದ. ಅಷ್ಟರಲ್ಲಿ ಅಜ್ಜಿ ಗಾಡಿಯೊಳಗೆ ಹೋಗಿ ಒಂದು ಸೀಟಿನಲ್ಲಿ ತಾವು ಕೂತು, ಪಕ್ಕದ ಸೀಟಿನಲ್ಲಿ ಬುಟ್ಟಿ ಇಟ್ಟು, ಮೂರನೆಯದರ ಮೇಲೆ ಕೊಡೆ ಮಲಗಿಸಿದ್ದರು.

"ಏಳು ಸಾಕಾಗ್ಲಿಕ್ಕಿಲ್ಲ ಮಗಾ" ಎಂದರು ಒಳಗಿನಿಂದ. "ನನಗೇ ಮೂರು ಬೇಕು."

ಬೆಲ್ಟ್ ಹಾಕಿದ ಹಲಸು

ಸೇಲ್ಸ್‌ಮನ್ ಛಲಗಾರ. ಮರುವಾರ ಅದೇ ಗಾಡಿಯನ್ನು ನಮ್ಮೂರಿಗೇ ತಂದ. ಮೊದಲು ಸಪಾಟು ರಸ್ತೆಯಲ್ಲಿ ಉಜಿರೆಯವರೆಗೆ ಓಡಿಸಿ ನೋಡಿ, ಆಮೇಲೆ ಏರು ಹತ್ತಿಸುವ ಎಂದ. ಉಜಿರೆ ಎಂಬ ಶಬ್ದ ಅಜ್ಜಿಯ ಕಿವಿಗೆ ಬಿತ್ತು. ಅಲ್ಲಿ ಅವರ ಮಗಳು ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಐದು ನಿಮಿಷದಲ್ಲಿ ಅಜ್ಜಿ ಮಗಳಿಗೆಂದು ಒಂದು ಭಾರಿ ಹಲಸಿನಹಣ್ಣಿನ ಸಮೇತ ಹಾಜರು.

ಮಾಸ್ಟ್ರು ಹಿಂದಿನ ಸೀಟು ಪರೀಕ್ಷಿಸಬೇಕೆಂದು ಹಿಂದೆ ಕೂತರು. ಸೇಲ್ಸ್‌ಮನ್ನೂ ಅಜ್ಜಿಯೂ ಅವರ ಪಕ್ಕ. ಕೊನೆಯ ಸಾಲು ಮಡಚಿಟ್ಟದ್ದರಿಂದ ಹಲಸಿನಹಣ್ಣಿಗೆ ಉಳಿದದ್ದು ನನ್ನ ಪಕ್ಕದ ಸೀಟು. ಗಾಡಿ ಹೊರಟದ್ದೇ ತಡ, ಟೂಂ ಟೂಂ ಎಂದು ಕೂಗತೊಡಗಿತು.

"ಮುಂದೆ ಕೂತವರು ಬೆಲ್ಟ್ ಹಾಕ್ಲಿಲ್ಲ ಸರ್" ಎಂದ ಸೇಲ್ಸ್‌ಮನ್.

"ಮುಂದೆ ಕೂತದ್ದು ಹಲಸಿನಹಣ್ಣು ಮಾರಾಯ."

"ಗಾಡಿಗೆ ಅದು ಗೊತ್ತಾಗುವುದಿಲ್ಲ ಸರ್. ಭಾರ ಮಾತ್ರ ಗೊತ್ತಾಗ್ತದೆ."

ಉಜಿರೆ ಸರ್ಕಲ್ ಹತ್ತಿರ ನನ್ನ ತಲೆ ಚಿಟ್ಟು ಹಿಡಿಯಿತು. ಗಾಡಿ ಬದಿಗೆ ನಿಲ್ಲಿಸಿ, ನನ್ನ ಬೆಲ್ಟ್ ಬಿಚ್ಚಿ, ಆಚೆಗೆ ಬಗ್ಗಿ ಹಲಸಿನಹಣ್ಣಿಗೆ ಬೆಲ್ಟ್ ಹಾಕಿದೆ. ಶಬ್ದ ನಿಂತಿತು, ನೆಮ್ಮದಿಯಿಂದ ಹೊರಟೆ. ಮತ್ತೆ ಕೂಗು ಶುರು. ಈ ಸಲ ಅದು ನನ್ನ ಬಗ್ಗೆ ಎಂದು ತಿಳಿಯುವಷ್ಟರಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು. ಕಿಟಕಿಯಲ್ಲಿ ಬಗ್ಗಿ ಹಣ್ಣನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಣ್ಣನ್ನು ನೋಡಿದರು.

"ಅದಕ್ಕಿರುವ ಬುದ್ಧಿ ನಿಮಗೆ ಬೇಡ್ವಾ?" ಎಂದರು.

ಅಂದು ಸಂಜೆ ಕರಿಪಾದೆಯ ಮೊದಲನೇ ತಿರುವಿನಲ್ಲಿ ಗಾಡಿಯ ಹೊಟ್ಟೆ ಬಂಡೆಗೆ ಉಜ್ಜಿದ ಶಬ್ದ ಕೇಳಿ ಸೇಲ್ಸ್‌ಮನ್ ಕಣ್ಣು ಮುಚ್ಚಿದ. ಮಾಸ್ಟ್ರು ನೂರಕ್ಕೆ ಇಪ್ಪತ್ತು ಕೊಟ್ಟರು. ಅದರಲ್ಲಿ ಹತ್ತು ಸೇಲ್ಸ್‌ಮನ್ನಿನ ತಾಳ್ಮೆಗೆ.

ಮರುಭೂಮಿಯ ಅನುಭವ

ನನ್ನ ಹೆಂಡತಿಯ ತವರು ಫರಂಗಿಪೇಟೆ. ಅವಳ ತಮ್ಮ ಗಲ್ಫಿನಲ್ಲಿ ಡ್ರೈವರ್, ರಜೆಯಲ್ಲಿ ಬಂದಿದ್ದ. "ಭಾವ, ನೀವು ಯಾಕೆ ಶೋರೂಮಿಗೆ ಹೋಗಿ ಮರ್ಯಾದೆ ಕಳಕೊಳ್ಳುವುದು? ಮರಳಿನ ಗುಡ್ಡೆ ಹತ್ತಿಸಿದವ ನಾನು. ಯಾವ ಗಾಡಿ ಅಂತ ನಾನು ತೋರಿಸ್ತೇನೆ" ಎಂದು, ಗೆಳೆಯನ ಒಂದು ಆನೆಯಂಥ ಗಾಡಿ ಕೇಳಿ ತಂದ. ಅದಕ್ಕೂ ಮಾಡಿನಲ್ಲಿ ಗಾಜಿನ ಕಿಟಕಿ.

ನಾನೂ ಮಾಸ್ಟ್ರೂ ಹತ್ತಿ ಕೂತೆವು. ಗಾಡಿಗೆ ಶಕ್ತಿ ಇತ್ತು, ಇಲ್ಲ ಎನ್ನುವುದಿಲ್ಲ. ಮೊದಲನೇ ತಿರುವನ್ನು ಹೂವೆತ್ತಿದ ಹಾಗೆ ಹತ್ತಿತು. ಎರಡನೇ ತಿರುವಿನಲ್ಲಿ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ದರೆ, ನಡುವೆ ಗಾಡಿ. ಬಾಟಲಿಗೆ ಬಿರಡೆ ಹಾಕಿದಂತೆ ಕೂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ನಾಲ್ಕು ಬಾಗಿಲಲ್ಲಿ ಒಂದನ್ನೂ ತೆರೆಯುವಂತಿಲ್ಲ. ಆಮೇಲೆ ಭಾವಮೈದ ಮೆಲ್ಲನೆ ಗುಂಡಿ ಒತ್ತಿದ. ಮಾಡಿನ ಕಿಟಕಿ ಸರಿಯಿತು. ಮೊದಲು ಅವನು, ಆಮೇಲೆ ನಾನು ಹೊರಗೆ ಹತ್ತಿದೆವು. ಮಾಸ್ಟ್ರು ಮಾತ್ರ ಎ.ಸಿ. ಚೆನ್ನಾಗಿದೆ ಎಂದು ಒಳಗೇ ಕೂತು ಪೇಪರು ಓದಿದರು. ನಾನು ಮೇಲಕ್ಕೆ ನಡೆದು ಹೋಗಿ, ಜೀಪು ತಂದು, ಹಗ್ಗ ಕಟ್ಟಿ ಎಳೆಯುವವರೆಗೂ ಅವರು ಇಳಿಯಲಿಲ್ಲ.

"ಮರುಭೂಮಿಯಲ್ಲಿ ಎರಡು ಬದಿಯಲ್ಲಿ ಏನೂ ಇರುವುದಿಲ್ಲ ಭಾವ" ಎಂದು ಅವನು ತಲೆ ತಗ್ಗಿಸಿದ. ನನಗೆ ಅಯ್ಯೋ ಪಾಪ ಎನಿಸಿತು.

ಮಾಸ್ಟ್ರು ಚೀಟಿ ತೆಗೆದರು. "ಗಾಡಿಗೆ ಹದಿನೈದು. ಕಿಟಕಿಗೆ ಬೇರೆಯಾಗಿ ಐದು. ಆಕಾಶ ನೋಡ್ಲಿಕ್ಕೆ ಮಾತ್ರ ಅಂತ ತಿಳ್ಕೊಂಡಿದ್ದೆ, ನನ್ನದು ತಪ್ಪು."

ಸಾಹಸಿಗಳು

ಒಂದು ಭಾನುವಾರ ಬೆಳಿಗ್ಗೆ ಏರಿನ ಬುಡದಲ್ಲಿ ಮೂರು ಗಾಡಿಗಳು ನಿಂತಿದ್ದವು. ದಪ್ಪ ದಪ್ಪ ಟಯರು, ಮುಂದೆ ಕಬ್ಬಿಣದ ಹಗ್ಗ ಸುತ್ತಿದ ಯಂತ್ರ, ಹುಡುಗರ ತಲೆಗೆ ಹೆಲ್ಮೆಟ್ಟು. ಮೂಡುಬಿದಿರೆಯ ಕಾಲೇಜುಗಳಲ್ಲಿ ಓದುವವರಂತೆ. ಅವರ ಮುಂದಾಳು ಕೆಂಪು ಟೊಪ್ಪಿಯ ಒಬ್ಬ ಮೈಸೂರು ಕಡೆಯ ಹುಡುಗ.

"ಅಂಕಲ್, ಈ ಟ್ರ್ಯಾಕ್ ಮಾಡ್ಬೇಕು ಅಂತ ಎರಡು ತಿಂಗಳಿಂದ ಪ್ಲಾನ್ ಮಾಡ್ತಿದೀವಿ" ಎಂದ.

"ಯಾವ ಟ್ರ್ಯಾಕು?"

"ಇದೇ ಅಂಕಲ್."

ನಾನು ಹಿಂತಿರುಗಿ ನೋಡಿದೆ. ಅಲ್ಲಿ ನಮ್ಮ ರಸ್ತೆ ಬಿಟ್ಟು ಬೇರೇನೂ ಇರಲಿಲ್ಲ.

ಅವರ ಎರಡು ಗಾಡಿಗಳು ಮೊದಲ ತಿರುವಿನಲ್ಲೇ ಸೋತವು. ಹುಡುಗರು ಮೊಣಕಾಲೂರಿ ಟಯರಿನ ಅಡಿ ನೋಡುತ್ತ, ಕಲ್ಲಿಡುತ್ತ, ಒಬ್ಬರಿಗೊಬ್ಬರು ಕೂಗುತ್ತ ಇದ್ದರು. ಅಜ್ಜಿ ಕೊಡೆ ಊರಿಕೊಂಡು ಕೆಳಗಿಳಿದು ಬಂದವರು ನಿಂತು ಕನಿಕರದಿಂದ ಕೇಳಿದರು. "ಎಂತ ಕಳಕೊಂಡಿರಿ ಮಕ್ಕಳೇ? ನಾನೂ ಹುಡುಕ್ತೇನೆ."

ಅವರು ಗಾಡಿಗಳನ್ನು ಬದಿಗೆ ಮಾಡಿದ ಮೇಲೆ ನಾನು ಒಂಬತ್ತು ಜನ, ಎರಡು ಗ್ಯಾಸ್ ಸಿಲಿಂಡರ್ ಮತ್ತು ಅಕ್ಕಿ ಮೂಟೆಗಳ ಸಮೇತ ಹತ್ತಿಸಿದೆ. ಹುಡುಗರೆಲ್ಲ ಮೊಬೈಲು ಎತ್ತಿ ವಿಡಿಯೋ ತೆಗೆದರು, ಚಪ್ಪಾಳೆ ತಟ್ಟಿದರು. ಕೆಂಪು ಟೊಪ್ಪಿಯವ ಏದುಸಿರು ಬಿಡುತ್ತ ಓಡಿ ಬಂದು ನನ್ನ ಕೈ ಹಿಡಿದ.

"ಅಂಕಲ್, ನೀವು ಎಷ್ಟು ವರ್ಷದಿಂದ ಆಫ್‌ರೋಡಿಂಗ್ ಮಾಡ್ತಿದೀರಾ?"

"ನಾನು ರೇಷನ್ ತರ್ತಾ ಇದ್ದೇನೆ ಮಗಾ."

ಒಳ್ಳೆಯ ಹುಡುಗ. ತನ್ನ ಗಾಡಿಯನ್ನು ಓಡಿಸಿ ನೋಡಿ ಎಂದು ಕೀಲಿಕೈ ಕೊಟ್ಟ. ಮಾಸ್ಟ್ರನ್ನು ಜೀಪಿನಲ್ಲಿ ಬುಡಕ್ಕೆ ಕರೆತಂದು, ಒಂದು ಸ್ಟೂಲಿನ ಮೇಲೆ ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಏನು ಹೇಳಲಿ! ಮೂರು ತಿರುವೂ ಒಂದೇ ಉಸಿರಿಗೆ ಹತ್ತಿತು. ನನ್ನ ಹಳೆಯ ಜೀಪೇ ಪ್ರಾಯಕ್ಕೆ ಬಂದು ನಿಂತ ಹಾಗಿತ್ತು. ಹಿಂದೆ ಜಾಗ ಕಡಿಮೆ, ಇರಲಿ, ಎರಡು ಸಲ ಹೋಗಿ ಬಂದರಾಯಿತು. ನನಗೆ ಬೇಕಾದದ್ದು ಸಿಕ್ಕಿತು ಎಂದು ಸಂತೋಷದಿಂದ ಮಾಸ್ಟ್ರ ಮುಖ ನೋಡಿದೆ.

"ಹನ್ನೆರಡು" ಎಂದರು ಮಾಸ್ಟ್ರು.

ನೂರಕ್ಕೆ ನೂರು

ನನಗೆ ಸಿಟ್ಟು ಬಂತು. ಮಾಸ್ಟ್ರ ಮೇಲೆ ಜೀವಮಾನದಲ್ಲಿ ಮೊದಲ ಸಲ ಬಂದ ಸಿಟ್ಟು. ಅವರ ಜಗಲಿಯಲ್ಲಿ ನಿಂತು ಹೇಳಿದೆ, "ಮಾಸ್ಟ್ರೇ, ಹತ್ತದ ಗಾಡಿಗೆ ಇಪ್ಪತ್ತು, ಹತ್ತಿದ ಗಾಡಿಗೆ ಹನ್ನೆರಡು. ಇದು ಯಾವ ಲೆಕ್ಕ? ನಾನು ದಡ್ಡನೇ ಇರಬಹುದು, ಆದರೆ ಮಾರ್ಚಿಗೆ ಇನ್ನು ಒಂದೇ ತಿಂಗಳು. ನಿಮ್ಮ ಶುಕ್ರವಾರದ ಗತಿ ಎಂತ?"

ಅವರು ಒಳಗಿನಿಂದ ಒಂದು ಕಡತ ತರಿಸಿದರು. ರಸ್ತೆಗೆ ಕಾಂಕ್ರೀಟು ಹಾಕಿಸಿ ಎಂದು ಅವರು ಪಂಚಾಯತಿಗೆ ಬರೆದ ಅರ್ಜಿಗಳು. ಪ್ರತಿಯೊಂದರ ಹಿಂದೆಯೂ ಸ್ಥಳ ನೋಡಿಹೋದ ಎಂಜಿನಿಯರರ ಒಂದೇ ಸಾಲಿನ ಷರಾ. 'ಸದರಿ ರಸ್ತೆ ವಾಹನ ಸಂಚಾರಕ್ಕೆ ಯೋಗ್ಯವಾಗಿದೆ.'

"ಆ ವಾಹನ ಯಾವುದು ಹೇಳು" ಎಂದರು.

ನನಗೆ ಎಲ್ಲ ನೆನಪಾಗುತ್ತಿತ್ತು. ಎಂಜಿನಿಯರರು ಬರುತ್ತಾರೆ ಎಂದರೆ ಊರಿಗೆ ಹಬ್ಬ. ನಾನು ಹಿಂದಿನ ದಿನವೇ ಜೀಪು ತೊಳೆದು, ಮುಂದಿನ ಸೀಟಿಗೆ ದಿಂಬು ಹಾಕಿ, ಬೆಳ್ತಂಗಡಿಯಿಂದ ಕರೆತರುತ್ತಿದ್ದೆ. ದೊಡ್ಡವರ ಸೊಂಟ ಅಲುಗಬಾರದೆಂದು ಒಂದೊಂದು ಕಲ್ಲನ್ನೂ ತಪ್ಪಿಸಿ ಮೆಲ್ಲನೆ ಹತ್ತಿಸುತ್ತಿದ್ದೆ. ಮೇಲೆ ಸೀಯಾಳ, ನೀರುದೋಸೆ, ಕೋಳಿ ಸಾರು. ಅವರು ತಿಂದು ಸಂತೋಷಪಟ್ಟು, ರಸ್ತೆ ಅಷ್ಟೇನೂ ತೊಂದರೆ ಇಲ್ಲವಲ್ಲ ಎನ್ನುತ್ತಿದ್ದರು. ನಾವು ಹೌದು ಹೌದು ಎಂದು ಇನ್ನೆರಡು ದೋಸೆ ಹಾಕುತ್ತಿದ್ದೆವು. ಗ್ರಾಮಸಭೆಯಲ್ಲಿ ಮಾಸ್ಟ್ರು ಎದ್ದುನಿಂತರೆ ನಮ್ಮ ವಾರ್ಡಿನ ಸದಸ್ಯರದ್ದು ಒಂದೇ ಮಾತು, "ನಿಮ್ಮಲ್ಲಿಗೆ ಜೀಪು ಹೋಗ್ತದಲ್ಲ!"

"ನಿನ್ನ ಜೀಪಿಗೆ ನಾನು ನೂರಕ್ಕೆ ನೂರು ಕೊಡ್ತೇನೆ" ಎಂದರು ಮಾಸ್ಟ್ರು. "ತೊಂದರೆ ಆದದ್ದೇ ಅದರಿಂದ. ಅಂಥದ್ದೇ ಇನ್ನೊಂದು ತಂದರೆ ಇನ್ನು ಇಪ್ಪತ್ತೆರಡು ವರ್ಷ. ನನಗೆ ಅಷ್ಟು ಪುರುಸೊತ್ತಿಲ್ಲ."

ನನಗೆ ನಿಜವಾಗಿ ನೋವಾಯಿತು. ಊರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಇಷ್ಟು ವರ್ಷ ಎದೆ ಉಬ್ಬಿಸಿಕೊಂಡಿದ್ದೆ. ರಸ್ತೆಗೆ ಅಡ್ಡ ನಿಂತದ್ದು ಬಂಡೆಯಲ್ಲ, ನಾನು. ಕಡತ ಮುಚ್ಚಿ ಕೇಳಿದೆ, "ರಸ್ತೆ ಆಗುವವರೆಗೆ ನೀವು ಆಸ್ಪತ್ರೆಗೆ ಹೋಗುವುದು ಹೇಗೆ?"

"ಕುರ್ಚಿ ಉಂಟಲ್ಲ. ನಾಲ್ಕು ಜನ ಹೊತ್ತರೆ ಏರಿನ ಬುಡದವರೆಗೆ ಬರ್ತೇನೆ. ಅಲ್ಲಿಂದ ರಿಕ್ಷಾ."

"ನಡುವೆ ಹೆಚ್ಚು ಕಡಿಮೆ ಆದರೆ?"

"ಆದರೆ ಅರ್ಜಿಗೆ ತೂಕ ಬರ್ತದೆ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಬರೆಯುವಾಗ ಈಗ ಬರುತ್ತಿದೆ.

ವಾಹನ ಸಂಚಾರಕ್ಕೆ ಯೋಗ್ಯ

ಮಾರ್ಚಿನಲ್ಲಿ ಜೀಪು ನಿಂತಿತು. ನಾನು ಗಾಡಿ ಕೊಳ್ಳಲಿಲ್ಲ. ಅಜ್ಜಿ ಬುಟ್ಟಿ ಹೊತ್ತು ನಡೆದರು, ಸಿಲಿಂಡರುಗಳನ್ನು ಬುಡದಲ್ಲಿಳಿಸಿ ಹೆಗಲ ಮೇಲೆ ಸಾಗಿಸಿದೆವು. ಮಂಗಳವಾರ, ಶುಕ್ರವಾರ ಮಾಸ್ಟ್ರ ಕುರ್ಚಿಗೆ ಎರಡು ಬಿದಿರು ಕಟ್ಟಿ ನಾಲ್ಕು ಜನ ಹೊತ್ತೆವು. ಮಾಸ್ಟ್ರು ಹೊಸ ಅರ್ಜಿ ಬರೆದಿದ್ದರು. ನಾಲ್ಕನೇ ವಾರದ ಶುಕ್ರವಾರ ಎಂಜಿನಿಯರರು ಬರುತ್ತಾರೆ ಎಂದು ಸುದ್ದಿ ಬಂತು. ಈ ಸಲ ಕರೆತರಲು ಯಾರೂ ಹೋಗಲಿಲ್ಲ. ದೋಸೆಗೆ ಅಕ್ಕಿಯನ್ನೂ ನೆನೆಹಾಕಲಿಲ್ಲ. ಅದು ಮಾತ್ರ ನಮ್ಮ ಹೆಂಗಸರಿಗೆ ಬಹಳ ಕಷ್ಟವಾಯಿತು.

ಎಂಜಿನಿಯರರೂ ಸದಸ್ಯರೂ ಒಂದು ಬಿಳಿ ಕಾರಿನಲ್ಲಿ ಬಂದರು. ಕಾರು ಮೊದಲನೇ ತಿರುವಿನಲ್ಲಿ ಅಡಿ ಬಡಿದು ನಿಂತಿತು. ಇಬ್ಬರೂ ಇಳಿದು ಬೆವರು ಒರೆಸುತ್ತ ನಡೆದು ಹತ್ತುವಾಗ, ಎದುರಿನಿಂದ ನಾವು ಕುರ್ಚಿ ಹೊತ್ತು ಇಳಿಯುತ್ತಿದ್ದೆವು. ನಾಟಕವೇನೂ ಅಲ್ಲ, ಅಂದು ಶುಕ್ರವಾರ. ಹೊರುವವರಲ್ಲಿ ಒಬ್ಬನ ಕಾಲು ಜಾರಿತು. ಬಿದಿರು ಒಂದು ಬದಿಗೆ ವಾಲಿತು. ಸದಸ್ಯರು ಓಡಿ ಬಂದು ಬಿದಿರಿಗೆ ಹೆಗಲು ಕೊಟ್ಟರು. ಅವರೂ ಮಾಸ್ಟ್ರ ಶಿಷ್ಯರೇ, ನನಗಿಂತ ಮೂರು ವರ್ಷ ಚಿಕ್ಕವರು. ಇನ್ನೊಂದು ತುದಿಯನ್ನು ಎಂಜಿನಿಯರರು ಹಿಡಿದರು. ಪಾಪ, ಅವರು ಅಭ್ಯಾಸ ಇಲ್ಲದವರು. ಇಪ್ಪತ್ತು ಹೆಜ್ಜೆಗೆ ಮುಖ ಕೆಂಪಾಯಿತು.

"ಬುಡಕ್ಕೆ ಇನ್ನೆಷ್ಟು ದೂರ ಉಂಟು?" ಎಂದು ಕೇಳಿದರು.

ಮಾಸ್ಟ್ರು ಕುರ್ಚಿಯಿಂದಲೇ ಬಹಳ ಮರ್ಯಾದೆಯಿಂದ ಹೇಳಿದರು. "ಯೋಗ್ಯವಾಗಿದೆ ಅಂತ ನೀವೇ ಬರೆದಿದ್ದೀರಲ್ಲ ಸಾರ್. ದೂರವನ್ನೂ ಅಲ್ಲೇ ಬರೆದಿರಬೇಕು, ನೋಡಿ."

ರಸ್ತೆ ಹಾಳಾದದ್ದು

ಮೇ ಮುಗಿಯುವುದರೊಳಗೆ ಕರಿಪಾದೆಗೆ ಕಾಂಕ್ರೀಟು ಬಿತ್ತು. ದರೆಯನ್ನೂ ಸ್ವಲ್ಪ ಕಡಿದರು. ನಾನು ಕೊಂಡದ್ದು ಬಿ.ಸಿ. ರೋಡಿನ ಶೋರೂಮಿನ ಮೂಲೆಯಲ್ಲಿದ್ದ ಒಂದು ಸಾದಾ ವ್ಯಾನು. ಅದನ್ನು ಸೇಲ್ಸ್‌ಮನ್ ನಮಗೆ ತೋರಿಸಲೂ ನಾಚಿದ್ದ. ಆಕಾಶ ಕಾಣುವುದಿಲ್ಲ, ಬೆಟ್ಟ ಹತ್ತುವ ಪೊಗರೂ ಇಲ್ಲ. ಮಾಸ್ಟ್ರು ಸ್ಟೂಲಿನ ಹಂಗಿಲ್ಲದೆ ತಾವೇ ಹತ್ತಿ ಕೂರುತ್ತಾರೆ, ಅಷ್ಟು ಸಾಕು. ಅದಕ್ಕೆ ಅವರು ಮೂವತ್ತೈದು ಮಾರ್ಕು ಕೊಟ್ಟು ಪಾಸು ಮಾಡಿದ್ದಾರೆ. ಅಜ್ಜಿ ಮೂರು ಸೀಟು ಹಿಡಿಯುತ್ತಾರೆ. ಹಳೆಯ ಜೀಪು ಮನೆಯ ಹಿಂದೆ ನಿಂತಿದೆ. ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತವೆ. ಈಗಲೂ ಒಡೆಯುವುದಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಒಂದು ಮಂಗಳವಾರ ಮಾಸ್ಟ್ರನ್ನು ಆಸ್ಪತ್ರೆಯಿಂದ ಕರೆತರುತ್ತಿದ್ದೆ. ಏರಿನ ಬುಡದಲ್ಲಿ ಅದೇ ಮೂರು ದಪ್ಪ ಟಯರಿನ ಗಾಡಿಗಳು ನಿಂತಿದ್ದವು. ಹುಡುಗರು ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು, ಯಾರೋ ತೀರಿಹೋದ ಹಾಗೆ ಕಾಂಕ್ರೀಟನ್ನು ನೋಡುತ್ತಿದ್ದರು. ಕೆಂಪು ಟೊಪ್ಪಿಯವ ನನ್ನನ್ನು ಗುರುತಿಸಿ ಓಡಿ ಬಂದ. ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ.

"ಅಂಕಲ್, ಎಷ್ಟು ಚೆನ್ನಾಗಿರೋ ರೋಡ್ ಇತ್ತು ಇಲ್ಲಿ! ಯಾರು ಅಂಕಲ್ ಹಿಂಗೆ ಹಾಳು ಮಾಡಿದ್ದು?"

ನಾನು ಮಾಸ್ಟ್ರ ಕಡೆ ನೋಡಿದೆ. ಅವರು ಕಿಸೆಯಿಂದ ಚೀಟಿ ತೆಗೆದು, ಹುಡುಗನನ್ನು ಪ್ರೀತಿಯಿಂದ ಒಮ್ಮೆ ನೋಡಿ, ನನಗೆ ಹೇಳಿದರು.

"ನಮ್ಮ ಹಳೆ ರಸ್ತೆ ಚೆನ್ನಾಗಿತ್ತು ಅಂತ ಹೇಳಿದವರು ಇಬ್ಬರೇ ಮಾರಾಯ. ಒಬ್ಬರು ಎಂಜಿನಿಯರು, ಇನ್ನೊಬ್ಬ ಇವ. ಅವರು ದಿಂಬಿನ ಮೇಲೆ ಕೂತು ಹೇಳಿದ್ದು. ಇವ ಮೊಣಕಾಲೂರಿ ನೋಡಿ ಹೇಳ್ತಾ ಇದ್ದಾನೆ. ಇವನನ್ನು ಪಾಸು ಮಾಡುವ."